ಗೆಳೆಯನೊಂದಿಗೆ ಜಪಾನಿನ ಹಳೆಯ ನಗರಗಳಿಗೆ ಮಿತವ್ಯಯದ ರೈಲು ಪಯಣ

ಹೊರಡುವ ಮುನ್ನ ಜೆಆರ್ ಪಾಸ್ (ವಿದೇಶಿ ಪ್ರವಾಸಿಗರು ನಿಗದಿತ ದಿನಗಳ ಕಾಲ ಜಪಾನಿನ ಜೆಆರ್ ರೈಲುಗಳಲ್ಲಿ ಓಡಾಡಲು ಕೊಳ್ಳುವ ಟಿಕೆಟ್) ನಿಜವಾಗಿಯೂ ಬೇಕೇ ಎಂದು ಇಬ್ಬರೂ ಕುಳಿತು ಲೆಕ್ಕ ಹಾಕಿರಿ. ಏಳು ದಿನಗಳ ಸಾಮಾನ್ಯ ಪಾಸಿನ ಬೆಲೆ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಹೋಗಿಬರಲು ಸುಮಾರು 28,000 ಯೆನ್ ಸಾಕಾಗುವುದರಿಂದ, ಅಷ್ಟಕ್ಕೇ ಪಾಸ್ ಕೊಳ್ಳುವುದು ನಷ್ಟ.

ಕ್ಯೋಟೊದ ಹಾಸ್ಟೆಲೊಂದರಲ್ಲಿ ತಂಗಿ, ದೊಡ್ಡ ಚೀಲಗಳನ್ನು ಅಲ್ಲಿಯೇ ಬಿಟ್ಟು, ದಿನಕ್ಕೊಂದು ನಗರವನ್ನು ನೋಡಿಬರುವುದು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಕ್ರಮ. ನಾರಾಕ್ಕೆ ಮಿಯಾಕೊಜಿ ರ‍್ಯಾಪಿಡ್ ರೈಲು ಸುಮಾರು 45 ನಿಮಿಷದಲ್ಲಿ ತಲುಪಿಸುತ್ತದೆ. ಅಲ್ಲಿನ ತೋದಾಯ್‌ಜಿ ದೇವಾಲಯದ ಮಹಾಬುದ್ಧನ ಬಳಿಗೆ ನಡೆದೇ ಹೋಗುವವರಿಗೆ, ಬೇರೊಂದು ಖಾಸಗಿ ರೈಲು ಸಂಸ್ಥೆಯ ಕಿಂಟೆತ್ಸು ನಾರಾ ನಿಲ್ದಾಣವೇ ಹತ್ತಿರ. 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಿಮೆಜಿ ಕೋಟೆಗೆ ಶಿನ್‌ಕೈಸೊಕು ರೈಲು ಹೆಚ್ಚುವರಿ ಶುಲ್ಕವಿಲ್ಲದೆ ಸುಮಾರು ಒಂದೂವರೆ ಗಂಟೆಯಲ್ಲಿ ಕರೆದೊಯ್ಯುತ್ತದೆ.

ಶಾಲಾ ರಜೆಯ ಕಾಲದಲ್ಲಿ ದೊರೆಯುವ ಸೆಯ್‌ಶುನ್ 18 ಎಂಬ, ಜೆಆರ್‌ನ ಸಾಮಾನ್ಯ ರೈಲುಗಳಲ್ಲಿ ಇಷ್ಟದಂತೆ ಓಡಾಡುವ ಅಗ್ಗದ ಟಿಕೆಟ್ಟನ್ನು ಹಿಂದೆ ಗೆಳೆಯರು ಹಂಚಿಕೊಳ್ಳಬಹುದಿತ್ತು. 2024ರ ಚಳಿಗಾಲದಿಂದ ಅದನ್ನು ಒಬ್ಬರೇ, ಸತತ ಮೂರು ಅಥವಾ ಐದು ದಿನ ಬಳಸಬೇಕು. ಆದ್ದರಿಂದ ಇಬ್ಬರೂ ಬೇರೆ ಬೇರೆ ಟಿಕೆಟ್ ಕೊಳ್ಳಬೇಕಾಗುತ್ತದೆ. ಇದರಲ್ಲಿ ಶಿಂಕಾನ್‌ಸೆನ್ ಹತ್ತುವಂತಿಲ್ಲ.