ನಮ್ಮ ಬೀದಿಯಲ್ಲಿ ನಡೆಯೋಕೆ ಜಾಗ ಮಾಡೋದು ಹೇಗೆ

ಮೊದಲೇ ಅರ್ಜಿ ಬರೆಯಬೇಡಿ, ಟೇಪು ಹಿಡಿಯಿರಿ. ಶಿರಸಿಯ ನಮ್ಮ ಬೀದಿಯಲ್ಲಿ ನಾನು ಮಾಡಿದ್ದು ಅದನ್ನೇ. ಶಾಲೆ ಬಿಡುವ ಹೊತ್ತಿಗೆ ಅಂಗಡಿ ಕಟ್ಟೆ ಮೇಲೆ ಕೂತು, ಜನ ಎಲ್ಲಿ ರಸ್ತೆಗೆ ಇಳಿಯುತ್ತಾರೆ ಅಂತ ಗುರುತು ಹಾಕಿಕೊಂಡೆ. ಭಾರತೀಯ ರಸ್ತೆ ಕಾಂಗ್ರೆಸ್ (ಪಕ್ಷ ಅಲ್ಲ, ರಸ್ತೆ ಎಂಜಿನಿಯರುಗಳ ಸಂಸ್ಥೆ) ಮಾರ್ಗಸೂಚಿ ಪ್ರಕಾರ ಅಡ್ಡಿಯಿಲ್ಲದ ಕಾಲುದಾರಿ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ನಮ್ಮಲ್ಲಿ ಕಂಬ, ಬೈಕು ಕಳೆದರೆ ಉಳಿದದ್ದು ಒಂದು ಕೊಡೆ ಬಿಚ್ಚುವಷ್ಟು!

ಅಂಗಡಿಯವರನ್ನು ಮೊದಲೇ ಮಾತಾಡಿಸಿ. ಸಾಮಾನು ಇಳಿಸೋಕೆ ಹೊತ್ತು ಗೊತ್ತುಮಾಡಿ, ಇಲ್ಲದಿದ್ದರೆ ಜಗಳ ಗ್ಯಾರಂಟಿ. ನಗರಸಭೆ, ಪೊಲೀಸರ ಒಪ್ಪಿಗೆ ಪಡೆದು, ಒಂದು ಭಾನುವಾರ ಸುಣ್ಣದ ಗೆರೆ ಎಳೆದು, ಹೂಕುಂಡ ಇಟ್ಟು ನೋಡಿ. ಸುಣ್ಣ ತಪ್ಪಿದರೆ ಒರೆಸಬಹುದು, ಕಾಂಕ್ರೀಟ್ ಒರೆಸೋಕಾಗುತ್ತಾ?

ಮಳೆಗಾಲದಲ್ಲಿ ಇನ್ನೊಮ್ಮೆ ನಡೆದು ನೋಡಿ. ನಮ್ಮ ಮಳೆ ಗೊತ್ತಲ್ವಾ? ಚರಂಡಿಯ ಇಳಿಜಾರು ಸರಿಯಾದ ಮೇಲೇ ಕಲ್ಲು ಹಾಸಿಸಿ.