ಕಾಫಿ ಮೂಟೆ ಹೇರಿ ಸಂಪಾಜೆ ಘಾಟ್ ಇಳಿಯುವುದು ಹೇಗೆ?

ಮಡಿಕೇರಿಯಿಂದ ಸಂಪಾಜೆ ತಲುಪುವಷ್ಟರಲ್ಲಿ ರಾಷ್ಟ್ರೀಯ ಹೆದ್ದಾರಿ 275 ಸುಮಾರು 1,000 ಮೀಟರ್ ಕೆಳಗಿಳಿಯುತ್ತದೆ. ಮೂಟೆ ಸೇರಿ 2,500 ಕೆ.ಜಿ. ತೂಗುವ ಪಿಕಪ್ ಅಷ್ಟು ಇಳಿದಾಗ ಹೊರಬೀಳುವ ಶಕ್ತಿಯಲ್ಲಿ 70 ಲೀಟರ್ ತಣ್ಣೀರು ಕುದಿ ಬರುತ್ತದೆ. ಈ ಶಕ್ತಿಯನ್ನೆಲ್ಲ ಬ್ರೇಕಿನ ಮೇಲೆ ಹೊರಿಸಬಾರದು. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಚಲನೆಯ ಮೂರು ನಿಯಮಗಳು ಈ ರಸ್ತೆಯಲ್ಲಿ ತಿರುವು ತಿರುವಿಗೂ ಕೆಲಸ ಮಾಡುತ್ತವೆ.

ಕೆಲಸ ಶುರುವಾಗುವುದು ಮೂಟೆ ಹೇರುವಲ್ಲಿ. ಮೊದಲ ಸಾಲು ಕ್ಯಾಬಿನ್ ಹಿಂದಿನ ತಡೆಗೆ ಒತ್ತಿಕೊಂಡೇ ಇರಬೇಕು. ಒಂದಡಿ ಜಾಗ ಬಿಟ್ಟರೆ, ಗಟ್ಟಿ ಬ್ರೇಕ್ ಹಾಕಿದಾಗ ಗಾಡಿ ನಿಧಾನವಾಗುತ್ತದೆ, ಮೂಟೆ ಮಾತ್ರ ಹಳೆಯ ವೇಗದಲ್ಲೇ ಮುಂದೆ ಜಾರಿ ಬಂದು ಗುದ್ದುತ್ತದೆ. ಇದು ಮೊದಲ ನಿಯಮ. ಮೇಲಿನ ಸಾಲಿನ ಮೂಟೆ ಕೆಳಗಿನ ಎರಡು ಮೂಟೆಗಳ ಸಂದಿಯ ಮೇಲೆ ಕೂರಲಿ. ಅಡಿಗೆ ಪ್ಲಾಸ್ಟಿಕ್ ಟಾರ್ಪಾಲ್ ಹಾಸಬೇಡಿ, ಅದು ಜಾರುತ್ತದೆ. ಹಳೆಯ ಗೋಣಿಚೀಲ ಹಾಸಿ. ಕುಲುಕಾಟಕ್ಕೆ ಮೂಟೆ ತಗ್ಗಿ ಹಗ್ಗ ಸಡಿಲವಾಗುವುದರಿಂದ ದಾರಿಯಲ್ಲಿ ಸಿಗುವ ಮದೆನಾಡಿನಲ್ಲಿ ನಿಲ್ಲಿಸಿ ಮತ್ತೊಮ್ಮೆ ಬಿಗಿಯಿರಿ.

ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ. 15 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವಂಥ ಕಡೆ ಈ ಪಿಕಪ್ಪನ್ನು ಸುಮಾರು 165 ಕೆ.ಜಿ. ತೂಕದಷ್ಟು ಬಲ ಸದಾ ಕೆಳಗೆ ಎಳೆಯುತ್ತಿರುತ್ತದೆ. ತಡೆಯದಿದ್ದರೆ ವೇಗ ಏರುತ್ತಲೇ ಹೋಗುತ್ತದೆ, ಇದು ಎರಡನೇ ನಿಯಮ. ಗೇರಿನಲ್ಲಿದ್ದರೆ ಚಕ್ರಗಳು ಎಂಜಿನ್ನನ್ನು ತಿರುಗಿಸಬೇಕು, ಎಂಜಿನ್ ಅವುಗಳನ್ನು ತಡೆಯುತ್ತದೆ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಬಿಡುವವರಿಗೆ ಖಂಡಿತವಾಗಿ ಹೇಳಬೇಕು: ಈಗಿನ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ, ಡೀಸೆಲ್ ಖರ್ಚಾಗುವುದು ನ್ಯೂಟ್ರಲ್‌ನಲ್ಲಿ. ಎಂಜಿನ್ ಆರಿಸಿದರಂತೂ ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕ್ ಪೆಡಲ್ ಕಲ್ಲಾಗುತ್ತದೆ.

ತಿರುವಿನಲ್ಲಿ ಲೆಕ್ಕ ಇನ್ನೂ ಕಠಿಣ. ವೇಗ ಒಂದೂವರೆ ಪಟ್ಟಾದರೆ ಹೊರಗೆ ಹೋಗದಂತೆ ಹಿಡಿದಿಡಲು ಬೇಕಾದ ಬಲ ಎರಡೂಕಾಲು ಪಟ್ಟಾಗುತ್ತದೆ. 15 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 20 ಕಿ.ಮೀ.ನಲ್ಲಿ ದಾಟಿದರೆ 50 ಕೆ.ಜಿ. ಮೂಟೆಯನ್ನು ಸುಮಾರು 10 ಕೆ.ಜಿ.ಯಷ್ಟು ಬಲ ಒಳಕ್ಕೆ ಹಿಡಿದಿರಬೇಕು, 30 ಕಿ.ಮೀ.ಗೆ ಅದು 23 ಕೆ.ಜಿ. ದಾಟುತ್ತದೆ. ಮಳೆಯಲ್ಲಿ ನೆನೆದು ಎಲೆ, ಕೆಮ್ಮಣ್ಣು ಹರಡಿದ ಡಾಂಬರಿಗೆ ಅಷ್ಟು ಹಿಡಿತ ಇರುವುದಿಲ್ಲ. ಟೈರ್ ರಸ್ತೆಯನ್ನು ತಳ್ಳಿದಷ್ಟೇ ರಸ್ತೆ ಟೈರನ್ನು ತಳ್ಳುತ್ತದೆ, ಇದು ಮೂರನೇ ನಿಯಮ. ತಳ್ಳಲು ಹಿಡಿತವೇ ಸಿಗದಿದ್ದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಬ್ರೇಕ್ ತಿರುವಿಗೆ ಮುಂಚೆ, ನೇರ ರಸ್ತೆಯಲ್ಲೇ ಮುಗಿಯಲಿ.

ಮುಂದಿನ ವಾಹನದಿಂದ ಎಷ್ಟು ಅಂತರ ಬೇಕು? ಒದ್ದೆ ಇಳಿಜಾರಿನಲ್ಲಿ 40 ಕಿ.ಮೀ. ವೇಗಕ್ಕೆ ಪೂರ್ತಿ ನಿಲ್ಲಲು ಸುಮಾರು 30 ಮೀಟರ್ (ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿಗೇ 11 ಮೀಟರ್ ಕಳೆದಿರುತ್ತದೆ). 20 ಕಿ.ಮೀ.ಗೆ 10 ಮೀಟರ್ ಸಾಕು.

ಬ್ರೇಕನ್ನು ಸದಾ ಒತ್ತಿಕೊಂಡಿರದೆ, ಒತ್ತಿ, ವೇಗ ಇಳಿಸಿ, ಬಿಡಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ತಣಿಯಲು ಬಿಡಿ. ನೀರು ಸುರಿಯಬೇಡಿ, ಕಾದ ಡ್ರಮ್ ಬಿರುಕು ಬಿಡಬಹುದು. ಡಾಟ್ 3 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಆಗ ಪೈಪಿನಲ್ಲಿ ಗುಳ್ಳೆ ತುಂಬಿ ಪೆಡಲ್ ಮೆತ್ತಗಾಗುತ್ತದೆ. ಕೊಡಗಿನ ಮಳೆಗಾಲ ಕಳೆದ ಮೇಲೆ ಆಯಿಲ್ ಬದಲಿಸುವುದು ಈ ಕಾರಣಕ್ಕೆ.

ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆದು, ರಿವರ್ಸ್ ಗೇರ್ ಹಾಕಿ, ಮುಂದಿನ ಚಕ್ರವನ್ನು ಬರೆಯ (ರಸ್ತೆ ಬದಿಯ ಗುಡ್ಡದ) ಕಡೆಗೆ ತಿರುಗಿಸಿ, ಇಳಿಜಾರಿನ ಬದಿಯಲ್ಲಿ ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ಎತ್ತಿ ಬದಿಗೆ ಹಾಕಿ. ಮಂಜಿನಲ್ಲಿ ಹಿಂದಿನಿಂದ ಬರುವ ಬೈಕ್ ಸವಾರನಿಗೆ ಅದು ಕಾಣುವುದಿಲ್ಲ.