ನೀಲಿ ಲೈಟ್ ಆರಿಸಿದ ಮೇಲೂ ಪಾಪೆ ದೊಡ್ಡದಾಗ್ಲಿಲ್ಲ

ಕೆಂಪು, ನೀಲಿ ಬೆಳಕಿಗೆ ಕಣ್ಣಿನ ಪಾಪೆ ಹೇಗೆ ಬದಲಾಗುತ್ತೆ ಅಂತ ಮನೇಲೇ ರೆಕಾರ್ಡ್ ಮಾಡೋಕೆ ಹೊರಟೆ. ನಮ್ಮ ಕಡು ಕಂದು ಕಣ್ಣಲ್ಲಿ ಪಾಪೆ ಎಲ್ಲಿ ಶುರುವಾಗುತ್ತೆ ಅಂತ ಮಾಮೂಲಿ ಕ್ಯಾಮೆರಾದಲ್ಲಿ ಗೊತ್ತೇ ಆಗಲ್ಲ, ಕಾಣ್ಲಿ ಅಂತ ಟಾರ್ಚ್ ಹಾಕಿದ್ರೆ ಆ ಬೆಳಕಿಗೇ ಪಾಪೆ ಕುಗ್ಗಿಬಿಡುತ್ತೆ. ಅದಕ್ಕೆ ಹಳೇ ವೆಬ್‌ಕ್ಯಾಮ್ ಬಿಚ್ಚಿ ಲೆನ್ಸ್ ಹಿಂದೆ ಇನ್ಫ್ರಾರೆಡ್ (ಐಆರ್, ನಮ್ಮ ಕಣ್ಣಿಗೆ ಕಾಣದ ಬೆಳಕು) ತಡೆಯೋ ಸಣ್ಣ ಗಾಜು ಇರುತ್ತಲ್ಲ ಅದನ್ನ ತೆಗೆದೆ, ಮುಂದೆ ಹಳೇ ಫ್ಲಾಪಿ ಒಳಗಿನ ಕಪ್ಪು ತಟ್ಟೆಯ ಒಂದು ತುಂಡು ಅಂಟಿಸಿದೆ (ಅದು ಮಾಮೂಲಿ ಬೆಳಕು ತಡೆದು ಐಆರ್ ಮಾತ್ರ ಬಿಡುತ್ತೆ), ಪಕ್ಕದಲ್ಲಿ 850 ನ್ಯಾನೋಮೀಟರಿನ ಒಂದೇ ಒಂದು ಐಆರ್ ಎಲ್‌ಇಡಿ, ಅದೂ ಕಮ್ಮಿ ಕರೆಂಟಲ್ಲಿ. ಅಷ್ಟೇ, ಕಂದು ಬಣ್ಣ ಬೂದು ಆಗಿ ಪಾಪೆ ಕಪ್ಪಗೆ ಎದ್ದು ಕಾಣ್ತು!

ಕ್ಯಾಮೆರಾ ಬಲಗಣ್ಣಿಗೆ, ಬಣ್ಣದ ಲೈಟ್ ಎಡಗಣ್ಣಿಗೆ. ಒಂದು ಕಣ್ಣಿಗೆ ಬೆಳಕು ಬಿದ್ರೂ ಎರಡೂ ಪಾಪೆ ಒಟ್ಟಿಗೆ ಕುಗ್ಗುತ್ತೆ, ಆರೋಗ್ಯವಾಗಿರೋ ಕಣ್ಣಲ್ಲಿ. ಬೆಳಕು ಎಲ್ಲಾ ಕಡೆ ಸಮ ಬೀಳ್ಲಿ ಅಂತ ಪಿಂಗ್‌ಪಾಂಗ್ ಚೆಂಡನ್ನ ಅರ್ಧ ಕತ್ತರಿಸಿ ಅಂಚಿಗೆ ಟೇಪ್ ಸುತ್ತಿ ಎಡಗಣ್ಣಿಗೆ ಹಿಡಿದ್ವಿ, ಹಿಂದೆ ಎಲ್‌ಇಡಿ.

ಕೂತಿದ್ದು ನನ್ನ ತಂಗಿ ಮಗಳು. ಮೊದಲ ವಾರದ ರೆಕಾರ್ಡಿಂಗ್ ಪೂರ್ತಿ ವೇಸ್ಟ್. ಅವಳು ಕ್ಯಾಮೆರಾನೇ ನೋಡ್ತಿದ್ಲು, ಹತ್ತಿರದ್ದು ನೋಡಿದ್ರೂ ಪಾಪೆ ಸಣ್ಣ ಆಗುತ್ತೆ ಅನ್ನೋದು ನನಗೆ ಹೊಳೀಲೇ ಇಲ್ಲ, ಆಮೇಲೆ ದೂರದ ಗೋಡೆಗೆ ಕತ್ತಲಲ್ಲಿ ಹೊಳೆಯೋ ಸ್ಟಿಕ್ಕರ್ ಅಂಟಿಸಿ ಅದನ್ನೇ ನೋಡು ಅಂದೆ. ಇನ್ನೊಂದು, ನಾನು ಮಧ್ಯೆ ಮಾತಾಡಿಸ್ತಿದ್ದೆ. ಬರೀ 17 ಆರ್ಲ ಎಷ್ಟು ಅಂತ ಕೇಳಿದ್ದಕ್ಕೆ ಕತ್ತಲಲ್ಲೇ ಪಾಪೆ ಹಿಗ್ತು (ಗುಣಾಕಾರ ಮಾಡುವಾಗ ಹೀಗಾಗುತ್ತೆ ಅಂತ ಹೆಸ್ ಮತ್ತು ಪೋಲ್ಟ್ ಅನ್ನೋ ಮನೋವಿಜ್ಞಾನಿಗಳು 1964ರಲ್ಲೇ ತೋರಿಸಿದ್ದಾರೆ). "ಮಾಮ, ನೀವು ಸುಮ್ನಿದ್ರೆ ಸಾಕು" ಅಂದ್ಲು, ಸರಿಯಾಗೇ ಹೇಳಿದ್ಲು.

ಆಮೇಲೆ ಪ್ರತಿ ಸಲ ಹತ್ತು ನಿಮಿಷ ಕತ್ತಲಲ್ಲಿ ಕೂತು, ಕೆಂಪು, ನೀಲಿ ಎರಡೂ ಲೈಟು ನೋಡೋಕೆ ಒಂದೇ ಪ್ರಕಾಶ ಅನ್ನಿಸೋ ಹಾಗೆ ರೆಸಿಸ್ಟರ್ ಬದಲಾಯಿಸಿ, ಹತ್ತು ಸೆಕೆಂಡ್ ಉರಿಸಿ ಆರಿಸಿದ್ವಿ. ಲೈಟ್ ಹತ್ತಿದ ಕ್ಷಣದಲ್ಲಿ ಅಂಥಾ ವ್ಯತ್ಯಾಸ ಇಲ್ಲ, ಎರಡಕ್ಕೂ ಟಕ್ ಅಂತ ಕುಗ್ಗುತ್ತೆ. ನೋಡ್ಬೇಕಾಗಿದ್ದು ಆರಿಸಿದ ಮೇಲೆ. ಕೆಂಪು ಆರಿಸಿದ್ರೆ ಕೆಲವೇ ಸೆಕೆಂಡಲ್ಲಿ ಪಾಪೆ ಮತ್ತೆ ಅಗಲ, ನೀಲಿ ಆರಿಸಿದ್ರೆ ಅರ್ಧ ನಿಮಿಷ ಆದ್ರೂ ಪೂರ್ತಿ ವಾಪಸ್ ಬಂದಿಲ್ಲ, ಕೋಣೆ ಕತ್ತಲೆಯಾಗಿದೆ ಆದ್ರೆ ಕಣ್ಣು ಇನ್ನೂ ಬೆಳಕು ಇದೆ ಅಂದ್ಕೊಂಡಿದೆ! ನನಗೆ ಮೈ ಜುಮ್ ಅಂತು.

ಇದು ರಾಡ್, ಕೋನ್ (ನಮಗೆ ನೋಡೋಕೆ ನೆರವಾಗೋ ಕೋಶಗಳು) ಮಾಡೋ ಕೆಲಸ ಅಲ್ಲ. ರೆಟಿನಾದಲ್ಲಿ (ಕಣ್ಣಿನ ಹಿಂಭಾಗದ ಪದರ) ಮೆಲನಾಪ್ಸಿನ್ ಅನ್ನೋ ಬೆಳಕು ಹಿಡಿಯೋ ಪ್ರೋಟೀನ್ ಇರೋ ಬೇರೆ ಕೋಶಗಳೇ ಇವೆ, 2002ರಲ್ಲಿ ನರವಿಜ್ಞಾನಿ ಡೇವಿಡ್ ಬರ್ಸನ್ ತಂಡ ಇಲಿಗಳಲ್ಲಿ ತೋರಿಸಿದ್ದು, ಸುಮಾರು 480 ನ್ಯಾನೋಮೀಟರಿನ ನೀಲಿಗೆ ಅವು ಜಾಸ್ತಿ ಸ್ಪಂದಿಸ್ತವೆ, ನಿಧಾನಕ್ಕೆ ಶುರುವಾಗಿ ನಿಧಾನಕ್ಕೆ ನಿಲ್ತವೆ.

ಅಮ್ಮನ ಕಣ್ಣಲ್ಲಿ ಮಾತ್ರ ಎರಡು ಬಣ್ಣಕ್ಕೂ ಅಷ್ಟು ವ್ಯತ್ಯಾಸ ಬರ್ಲಿಲ್ಲ. ಪೊರೆ ಬಂದಿದೆ, ಹಳದಿಯಾದ ಲೆನ್ಸ್ ನೀಲಿ ಬೆಳಕನ್ನೇ ತಡೆಯುತ್ತೆ, ಅದಕ್ಕೇ ಇರಬಹುದು. ಡಾಕ್ಟರ್ ಒಪ್ಪಿದ್ರೆ ಆಪರೇಷನ್ ಆಗಿ ಕಣ್ಣು ವಾಸಿಯಾದ ಮೇಲೆ ಇನ್ನೊಂದು ಸಲ ರೆಕಾರ್ಡ್ ಮಾಡ್ತೀನಿ.